ಬಾಗಿಲು ಹಾಕಿದರೆ ಆರುವ ಗೀಸರ್: ಹೊಗೆ ಕೊಳವೆ ಮತ್ತು ಗಾಳಿ ಕಿಂಡಿಯ ದೋಷ ಹುಡುಕುವ ಬಗೆ

ನಮ್ಮ ಬಚ್ಚಲಿನ ಗ್ಯಾಸ್ ಗೀಸರ್ ಹಚ್ಚಿದಾಗ ಉರಿ ನೀಲಿಯಾಗಿಯೇ ಇರುತ್ತಿತ್ತು. ನಾಲ್ಕನೆಯ ನಿಮಿಷಕ್ಕೆ ಅದರ ತುದಿ ಹಳದಿಗೆ ತಿರುಗುತ್ತಿತ್ತು, ಆರನೆಯ ನಿಮಿಷಕ್ಕೆ ತಡವರಿಸಿ ಆರಿಹೋಗುತ್ತಿತ್ತು. ತಲೆಗೆ ಸೀಗೆಪುಡಿ ಹಚ್ಚಿಕೊಂಡವರು ಒಳಗಿನಿಂದ ಕೂಗುತ್ತಿದ್ದರು, ಹೊರಗಿದ್ದ ನಾವು ಸಿಲಿಂಡರ್ ಅಲುಗಾಡಿಸಿ ನೋಡುತ್ತಿದ್ದೆವು. ಮೊದಲು ಬಂದ ಮೆಕ್ಯಾನಿಕ್ ಬ್ಯಾಟರಿ ಬದಲಿಸಿದ. ಎರಡನೆಯವನು ನೀರಿನ ವಾಲ್ವಿನ ರಬ್ಬರ್ ಪೊರೆ ಬದಲಿಸಿದ. ಮೂರನೆಯವನು ರೆಗ್ಯುಲೇಟರಿನ ಮೇಲೆ ತಪ್ಪು ಹೊರಿಸಿದ. ಮೂವರೂ ಗೀಸರ್ ಹಚ್ಚಿ ಹತ್ತು ನಿಮಿಷ ಓಡಿಸಿ, ‘ನೋಡಿ ಸರ್, ಎಲ್ಲ ಸರಿ ಇದೆ’ ಎಂದು ಹಣ ಪಡೆದು ಹೋದರು. ಅವರು ತೋರಿಸುವಾಗ ಅದು ನಿಜವಾಗಿಯೂ ಸರಿ ಇರುತ್ತಿತ್ತು. ಏಕೆಂದರೆ ರಿಪೇರಿ ಮಾಡುವವನು ಬಚ್ಚಲಿನ ಬಾಗಿಲು ತೆರೆದಿಟ್ಟುಕೊಂಡು ಕೆಲಸ ಮಾಡುತ್ತಾನೆ, ಸ್ನಾನ ಮಾಡುವವರು ಹಾಕಿಕೊಳ್ಳುತ್ತಾರೆ. ಇಷ್ಟು ಸಣ್ಣ ವ್ಯತ್ಯಾಸ ಹೊಳೆಯಲು ನನಗೆ ಹದಿನೈದು ದಿನ ಬೇಕಾಯಿತು. ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ಭತ್ತದ ಹೊಟ್ಟಿನ ಬಾಯ್ಲರ್ ನೋಡಿಕೊಂಡವನು ನಾನು, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ನಮ್ಮ ಮನೆ ಇರುವುದು ಬಳ್ಳಾರಿಯಲ್ಲಿ, ಗುಡ್ಡದ ಬುಡಕ್ಕೆ ಹತ್ತಿರ. ಆಗ ಆಷಾಢ. ಮಗಳು ಬಾಣಂತನಕ್ಕೆ ಬಂದಿದ್ದಳು. ಈ ಎರಡು ವಿವರ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಮೊದಲು ಭಯದ ಮಾತು

ಪರೀಕ್ಷೆ ಶುರುಮಾಡುವ ಮೊದಲು ಒಂದು ವಿಷಯ ತಿಳಿದಿರಲಿ. ಗೀಸರ್ ತಾನಾಗಿಯೇ ಆರುವುದು ತೊಂದರೆಯಂತೆ ಕಂಡರೂ ಅದೇ ನಮ್ಮ ಅದೃಷ್ಟ. ಗಾಳಿ ಸಾಲದೆ ಉರಿ ಅರೆಬರೆ ಉರಿದಾಗ ಹುಟ್ಟುವುದು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರಿನ ಗ್ಯಾಸ್ ಸೋರಿದರೆ ಅದಕ್ಕೆ ಬೆರೆಸಿದ ಮರ್ಕ್ಯಾಪ್ಟನ್ ಮೂಗಿಗೆ ಬಡಿಯುತ್ತದೆ. ಆದರೆ ಉರಿಯುವಾಗ ಮರ್ಕ್ಯಾಪ್ಟನ್ ಕೂಡ ಉರಿದುಹೋಗುವುದರಿಂದ ಹೊಗೆಯಲ್ಲಿ ಆ ಎಚ್ಚರಿಕೆ ಉಳಿದಿರುವುದಿಲ್ಲ. ನಮ್ಮ ಅಜ್ಜಿಯ ಕಾಲದ ಹಂಡೆ ಒಲೆಯಲ್ಲಿ ಹತ್ತಿಕಟ್ಟಿಗೆ, ಜಾಲಿ ಕಟ್ಟಿಗೆ ಉರಿಯುತ್ತಿದ್ದವು. ಹೊಗೆ ಹೆಚ್ಚಾದರೆ ಕಣ್ಣು ಚುಚ್ಚಿ ಜನರನ್ನು ಅಂಗಳಕ್ಕೆ ಅಟ್ಟುತ್ತಿತ್ತು. ಮಾಳಿಗೆಯಲ್ಲಿ ಬೆಳಕಿಂಡಿ ಬೇರೆ ಇರುತ್ತಿತ್ತು. ಗೀಸರಿನ ಹೊಗೆಗೆ ಅಂಥ ಸೌಜನ್ಯವಿಲ್ಲ.

ಈ ಅನಿಲ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 1,600 ಪಾಲು ಇದ್ದರೂ ಸಾಕು, ಇಪ್ಪತ್ತು ನಿಮಿಷದಲ್ಲಿ ತಲೆನೋವು, ತಲೆಸುತ್ತು, ವಾಕರಿಕೆ ಕಾಣಿಸಿಕೊಳ್ಳುತ್ತವೆ, ಒಂದು ಗಂಟೆಯೊಳಗೆ ಪ್ರಾಣಕ್ಕೆ ಕುತ್ತು. ಬಚ್ಚಲಿನಲ್ಲಿ ತಲೆ ಭಾರವಾಗಿ, ಹೊರಗೆ ಬಂದು ಸ್ವಲ್ಪ ಹೊತ್ತಿಗೆ ಹಗುರವಾದರೆ ‘ನೀರು ಬಹಳ ಬಿಸಿಯಿತ್ತು’ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ನಮ್ಮ ಮಗಳಿಗೂ ಎರಡು ಸಲ ಹಾಗಾಗಿತ್ತು. ಬಾಣಂತಿಗೆ ಸುಸ್ತು ಸಹಜ ಎಂದು ಮನೆಯ ಹಿರಿಯರೆಲ್ಲ ತೀರ್ಮಾನಿಸಿದ್ದರು, ಅವರಲ್ಲಿ ನಾನೂ ಒಬ್ಬ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನೂ ನಂಬಬೇಡಿ. ಅದು ಆಮ್ಲಜನಕ ಹೊತ್ತ ರಕ್ತಕ್ಕೂ ಈ ವಿಷ ಹೊತ್ತ ರಕ್ತಕ್ಕೂ ಭೇದ ಕಾಣದೆ 98 ಎಂದು ತೋರಿಸಬಲ್ಲದು. ಯಾರಾದರೂ ಒಳಗೆ ಕುಸಿದರೆ ಬಾಗಿಲು ಒಡೆದಾದರೂ ಅವರನ್ನು ಬಯಲು ಗಾಳಿಗೆ ತನ್ನಿ, ಗ್ಯಾಸ್ ನಿಲ್ಲಿಸಿ. ಆಸ್ಪತ್ರೆಗೆ ಕರೆದೊಯ್ದಾಗ ‘ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿಯುತ್ತಿತ್ತು’ ಎಂಬುದನ್ನು ಮೊದಲ ವಾಕ್ಯದಲ್ಲೇ ಹೇಳಿ. ಆ ಮಾತು ಕೇಳಿದರೆ ವೈದ್ಯರು ಸರಿಯಾದ ರಕ್ತಪರೀಕ್ಷೆಗೆ ಹೋಗುತ್ತಾರೆ.

ಒಂದು ಲೆಕ್ಕ

ನಮ್ಮದು ನಿಮಿಷಕ್ಕೆ ಆರು ಲೀಟರ್ ನೀರು ಕೊಡುವ ಗೀಸರ್. ಅಷ್ಟು ನೀರಿನ ಬಿಸಿಯನ್ನು 25 ಡಿಗ್ರಿಯಷ್ಟು ಏರಿಸಲು ಗಂಟೆಗೆ ಹೆಚ್ಚುಕಡಿಮೆ ಒಂದು ಕಿಲೋ ಗ್ಯಾಸ್ ಬೇಕು. ಒಂದು ಕಿಲೋ ಗ್ಯಾಸ್ ಪೂರ್ತಿ ಉರಿಯಲು ಹದಿಮೂರು ಘನ ಮೀಟರಿನಷ್ಟು ಗಾಳಿ ಬೇಕು. ಅಂದರೆ ನಿಮಿಷಕ್ಕೆ ಸುಮಾರು 215 ಲೀಟರ್. ಬಚ್ಚಲು ಐದು ಅಡಿ ಉದ್ದ, ನಾಲ್ಕು ಅಡಿ ಅಗಲ, ಎಂಟು ಅಡಿ ಎತ್ತರ. ಅದರಲ್ಲಿ ಹಿಡಿಸುವ ಗಾಳಿ ಸುಮಾರು 4,500 ಲೀಟರ್. ‘ಹಾಗಾದರೆ ಇಪ್ಪತ್ತು ನಿಮಿಷಕ್ಕೆ ಸಾಕಾಯಿತಲ್ಲ’ ಎಂದು ಭಾಗಿಸಿ ನೋಡಿದವರು ಎಡವುವುದು ಇಲ್ಲೇ. ಉರಿ ಕೆಡಲು ಆಮ್ಲಜನಕ ಪೂರ್ತಿ ಮುಗಿಯಬೇಕಿಲ್ಲ, ಶೇಕಡಾ 21ರಿಂದ 18ಕ್ಕೆ ಇಳಿದರೆ ಸಾಕು. ಅಂದರೆ ಏಳರಲ್ಲಿ ಒಂದು ಪಾಲು, 650 ಲೀಟರ್ ಗಾಳಿಯ ಆಮ್ಲಜನಕ. ಬಚ್ಚಲು ಬಿಗಿಯಾಗಿ ಮುಚ್ಚಿದ್ದು, ಹೊಗೆ ಒಳಗೇ ಚೆಲ್ಲುತ್ತಿದ್ದರೆ ಅದು ಮೂರು ನಿಮಿಷದ ಮಾತು. ನಮ್ಮ ಉರಿ ನಾಲ್ಕನೆಯ ನಿಮಿಷಕ್ಕೆ ಹಳದಿಯಾಗುತ್ತಿದ್ದುದರಲ್ಲಿ ಯಾವ ನಿಗೂಢವೂ ಇರಲಿಲ್ಲ.

ಬಾಗಿಲಿನ ಪರೀಕ್ಷೆ

ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ಇದು, ಇದಕ್ಕೆ ಮೆಕ್ಯಾನಿಕ್ ಬೇಡ. ಬಚ್ಚಲಿನಲ್ಲಿ ಯಾರೂ ಇರಬಾರದು. ಬಾಗಿಲು, ಕಿಟಕಿ ತೆರೆದಿಟ್ಟು ಬಿಸಿನೀರಿನ ನಲ್ಲಿ ಬಿಟ್ಟು ಹದಿನೈದು ನಿಮಿಷ ಓಡಿಸಿ. ಎಷ್ಟನೆಯ ನಿಮಿಷಕ್ಕೆ ಏನಾಯಿತೆಂದು ಬರೆದುಕೊಳ್ಳಿ. ಅರ್ಧ ಗಂಟೆ ತಣ್ಣಗಾಗಲು ಬಿಡಿ. ಆಮೇಲೆ ಮೊಬೈಲನ್ನು ಗೀಸರಿನ ಉರಿ ಕಾಣುವಂತೆ ಒಳಗಿನ ಗೂಡಿನಲ್ಲಿ ನಿಲ್ಲಿಸಿ, ವಿಡಿಯೊ ಚಾಲೂ ಮಾಡಿ, ಸ್ನಾನಕ್ಕೆ ಹೋದಾಗ ಮನೆಯವರು ಏನೇನು ಮುಚ್ಚುತ್ತಾರೋ ಅದನ್ನೆಲ್ಲ ಮುಚ್ಚಿ ಹೊರಗೆ ಬನ್ನಿ. ಒಳಗೆ ನಿಂತು ನೋಡುವ ಹುಚ್ಚು ಧೈರ್ಯ ಬೇಡ.

ತೆರೆದಾಗಲೂ ಮುಚ್ಚಿದಾಗಲೂ ಒಂದೇ ರೀತಿ ಆರಿದರೆ ದೋಷ ಗಾಳಿಯದ್ದಲ್ಲ. ಬ್ಯಾಟರಿ, ತೊಟ್ಟಿಯಲ್ಲಿ ತಗ್ಗಿದ ನೀರಿನ ಒತ್ತಡ, ರೆಗ್ಯುಲೇಟರ್ ಇವುಗಳ ಕಡೆಗೆ ಹೋಗಿ. ಸರಿಯಾಗಿ ಇಪ್ಪತ್ತನೆಯ ನಿಮಿಷಕ್ಕೆ ಆರುತ್ತಿದ್ದರೆ ಅದು ಬಹುಮಟ್ಟಿಗೆ ದೋಷವೇ ಅಲ್ಲ, ಹಲವು ಗೀಸರುಗಳಲ್ಲಿ ಸುರಕ್ಷತೆಗಾಗಿ ಹಾಗೆ ಸಮಯ ಕಟ್ಟಿರುತ್ತಾರೆ. ಬಾಗಿಲು ತೆರೆದಿದ್ದರೂ ಮೊದಲ ಕ್ಷಣದಿಂದಲೇ ಉರಿ ಹಳದಿಯಾಗಿದ್ದರೆ ಬರ್ನರ್ ಕೊಳಕಾಗಿದೆ, ಗಾಳಿ ಬೆರೆಯುವ ಬಾಯಲ್ಲಿ ಜೇಡರ ಬಲೆಯೋ ಧೂಳೋ ಸೇರಿದೆ. ಆದರೆ ಒಂದು ಸೂಕ್ಷ್ಮವಿದೆ. ಅದಿರು ಲಾರಿಗಳು ಓಡಾಡುವ ನಮ್ಮ ಕಡೆ ನೀಲಿ ಉರಿಯಲ್ಲಿ ಆಗೊಮ್ಮೆ ಈಗೊಮ್ಮೆ ಕಿತ್ತಳೆ ಬಣ್ಣದ ಕಿಡಿ ಹಾರುವುದು ಸಾಮಾನ್ಯ. ಅದು ಧೂಳು ಸುಡುವುದು, ಅಷ್ಟೆ. ಹೆದರಬೇಕಾದದ್ದು ನಿಂತೇ ಇರುವ ಹಳದಿ ನಾಲಗೆಗೆ, ಅದು ಬಿಟ್ಟುಹೋಗುವ ಮಸಿಗೆ.

ತೆರೆದಾಗ ಸರಿ, ಮುಚ್ಚಿದಾಗ ಕೆಡುತ್ತದೆ ಎಂದಾದರೆ ಗೀಸರನ್ನು ಬಿಚ್ಚಬೇಡಿ. ದೋಷ ಅದರೊಳಗೆ ಇಲ್ಲ. ನಮ್ಮ ಮನೆಯಲ್ಲಿ ತೆರೆದಾಗ ಹದಿನೈದು ನಿಮಿಷವೂ ನೀಲಿ ಉರಿ, ಮುಚ್ಚಿದಾಗ ಆರನೆಯ ನಿಮಿಷಕ್ಕೆ ಕತ್ತಲೆ. ಆ ವಿಡಿಯೊ ನೋಡಿದ ಮೇಲೆ ನನ್ನ ಹೆಂಡತಿ ಆ ಮೂವರು ಮೆಕ್ಯಾನಿಕರಿಗೆ ಕೊಟ್ಟ ಹಣದ ಲೆಕ್ಕ ತೆಗೆದಳು. ಆ ಭಾಗ ಇಲ್ಲಿ ಬೇಡ.

ಊದುಬತ್ತಿ ಏನು ಹೇಳುತ್ತದೆ

ಮೊದಲು ಪೈಪು, ವಾಲ್ವುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತಿಲ್ಲ, ಗ್ಯಾಸಿನ ವಾಸನೆಯಿಲ್ಲ ಎಂದು ಖಚಿತ ಮಾಡಿಕೊಳ್ಳಿ. ವಾಸನೆ ಇದ್ದರೆ ಊದುಬತ್ತಿಯನ್ನು ದೇವರ ಮನೆಯಲ್ಲೇ ಬಿಡಿ.

ಬಾಗಿಲು ಅರ್ಧ ತೆರೆದು ಗೀಸರನ್ನು ಐದು ನಿಮಿಷ ಓಡಿಸಿ, ಗೀಸರಿನ ತಲೆಯ ಮೇಲೆ ಹೊಗೆ ಕೊಳವೆ ಕೂರುವ ಬಳೆಗೆ (ಕಾಲರ್) ತುಸು ಕೆಳಗಿನ ಸೀಳುಗಳ ಬಳಿ ಉರಿಯುವ ಊದುಬತ್ತಿ ಹಿಡಿಯಿರಿ. ಅದರ ಹೊಗೆಯ ಎಳೆ ಒಳಕ್ಕೆ ಬಾಗಿದರೆ ಕೊಳವೆ ಎಳೆಯುತ್ತಿದೆ. ಹೊರಕ್ಕೆ, ನಿಮ್ಮ ಮುಖದ ಕಡೆಗೆ ಬಂದರೆ ಗೀಸರಿನ ಹೊಗೆಯೂ ಅದೇ ದಾರಿಯಲ್ಲಿ ಬಚ್ಚಲಿಗೆ ಚೆಲ್ಲುತ್ತಿದೆ. ಈಗ ಬಾಗಿಲನ್ನು ಬೆರಳಗಲ ಬಿಟ್ಟು ಎಳೆದು, ಎಕ್ಸಾಸ್ಟ್ ಫ್ಯಾನ್ ಹಾಕಿ ನೋಡಿ. ನಮ್ಮಲ್ಲಿ ಫ್ಯಾನ್ ತಿರುಗಿದ ಕ್ಷಣವೇ ಎಳೆ ಗಿರಕಿ ಹೊಡೆದು ಹೊರಕ್ಕೆ ಹರಿಯಿತು.

ಹೊಗೆ ಹೋಗಲೆಂದು ಹಾಕಿಸಿದ ಫ್ಯಾನೇ ಹೊಗೆಯನ್ನು ಕೆಳಕ್ಕೆ ಎಳೆಯುತ್ತದೆ ಎಂದರೆ ಜನ ನಂಬುವುದಿಲ್ಲ. ಫ್ಯಾನ್ ಹೊರಗೆ ತಳ್ಳಿದಷ್ಟು ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ಕಿಟಕಿ ಮುಚ್ಚಿದೆ, ಬಾಗಿಲು ಮುಚ್ಚಿದೆ, ತೆರೆದಿರುವ ಒಂದೇ ದಾರಿ ಹೊಗೆ ಕೊಳವೆ. ಆದ್ದರಿಂದ ಮೇಲಿನ ಗಾಳಿ ಆ ಕೊಳವೆಯಲ್ಲೇ ಕೆಳಗಿಳಿದು ಬರುತ್ತದೆ, ಬರುವಾಗ ಹೊಗೆಯನ್ನೂ ತರುತ್ತದೆ. ಗಿರಣಿಯ ಬಾಯ್ಲರಿನಲ್ಲಿ ಬೂದಿಯ ಬಾಗಿಲು ಮುಚ್ಚಿಕೊಂಡರೆ ಚಿಮಣಿ ಎಷ್ಟೇ ಎತ್ತರವಿದ್ದರೂ ಉರಿ ಉಸಿರುಗಟ್ಟುತ್ತದೆ ಎಂಬುದು ನನಗೆ ದಿನಾ ಕಂಡ ಸಂಗತಿ. ಮನೆಗೆ ಬಂದ ಕೂಡಲೇ ಆ ತಿಳಿವಳಿಕೆಯನ್ನು ಚಪ್ಪಲಿಯ ಜೊತೆಗೆ ಹೊರಗೆ ಬಿಡುತ್ತಿದ್ದೆ ಎಂದು ಕಾಣುತ್ತದೆ.

ಬಿಳಿ ಪೈಪಿನ ಕಥೆ

ಊದುಬತ್ತಿ ಹೊಗೆ ಕೊಳವೆಯ ಕಡೆ ಬೆರಳು ತೋರಿಸಿತು. ಮೇಲೆ ನೋಡಿದರೆ ಗೀಸರಿನಿಂದ ಹೊರಟ ಕೊಳವೆ ಪಿವಿಸಿ. ಚರಂಡಿಗೆ ಹಾಕುವ ಬಿಳಿ ಪೈಪು! ಅಡ್ಡಕ್ಕೆ ಮೂರು ಅಡಿ ಹೋಗಿ, ಗೋಡೆ ತೂರಿ, ಮೇಲಕ್ಕೆ ತಿರುಗಿತ್ತು. ಆ ಮೂರು ಅಡಿ ನಡುವೆ ಹೊಟ್ಟೆ ಬಿಟ್ಟು ಜೋತುಬಿದ್ದಿತ್ತು. ಬಿಚ್ಚಿದಾಗ ಆ ಹೊಟ್ಟೆಯಿಂದ ಒಂದು ತಂಬಿಗೆಯಷ್ಟು ಕಂದು ನೀರು ಸುರಿಯಿತು.

ಹಾಕಿದ ಪ್ಲಂಬರನ್ನು ಕೇಳಿದರೆ ಫೋನಿನಲ್ಲಿ ವಿಡಿಯೊ ತೋರಿಸಿದ. ಅಮೆರಿಕದ ಮನೆಯೊಂದರಲ್ಲಿ ಇಂಥದ್ದೇ ಬಿಳಿ ಪೈಪನ್ನು ನೀಟಾಗಿ ಅಂಟಿಸುತ್ತಿದ್ದರು. ಅವನು ಕಂಡದ್ದು ಸುಳ್ಳಲ್ಲ, ಆದರೆ ಅದು ಗೀಸರ್ ಅಲ್ಲ. ಅಮೆರಿಕ, ಕೆನಡಾಗಳಲ್ಲಿ ಚಳಿಗಾಲದಲ್ಲಿ ಇಡೀ ಮನೆಗೆ ಬಿಸಿಗಾಳಿ ಊಡುವ ಫರ್ನೇಸ್ ಇರುತ್ತದೆ. ಅವುಗಳಲ್ಲಿ ಹೊಸ ಬಗೆಯವು ಹೊಗೆಯೊಳಗಿನ ನೀರಾವಿಯನ್ನೂ ನೀರಾಗಿಸಿ ಅದರ ಶಾಖವನ್ನು ಹಿಂಡಿಕೊಳ್ಳುತ್ತವೆ. ಆಮೇಲೆ ಹೊರಬೀಳುವ ಹೊಗೆ ಸಾಮಾನ್ಯವಾಗಿ 40ರಿಂದ 60 ಡಿಗ್ರಿಯಷ್ಟೇ ಇರುವುದರಿಂದ ಪ್ಲಾಸ್ಟಿಕ್ ತಡೆದುಕೊಳ್ಳುತ್ತದೆ. ನಮ್ಮ ಸಾಮಾನ್ಯ ಗೀಸರಿನ ಹೊಗೆ ನೂರು ಡಿಗ್ರಿಯನ್ನು ಎಷ್ಟೋ ದಾಟಿರುತ್ತದೆ. ಪಿವಿಸಿ 80 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಜೋತುಬೀಳದೆ ಇನ್ನೇನು ಮಾಡೀತು?

ಆ ವಿಡಿಯೊದಿಂದ ಪ್ಲಂಬರ್ ಕಲಿಯಬೇಕಾಗಿದ್ದದ್ದು ಬೇರೆ ಇತ್ತು. ಅಲ್ಲಿ ಪೈಪುಗಳು ಎರಡು. ಒಂದರಲ್ಲಿ ಹೊಗೆ ಹೊರಗೆ ಹೋಗುತ್ತದೆ, ಇನ್ನೊಂದರಲ್ಲಿ ಉರಿಗೆ ಬೇಕಾದ ಗಾಳಿ ಹೊರಗಿನಿಂದಲೇ ನೇರವಾಗಿ ಬರುತ್ತದೆ. ಮನೆಯೊಳಗಿನ ಗಾಳಿಯನ್ನು ಉರಿ ಮುಟ್ಟುವುದೇ ಇಲ್ಲ. ಎರಡರ ಬಾಯಿಗಳೂ ಹಿಮ ಬಿದ್ದು ಮುಚ್ಚದಷ್ಟು ಎತ್ತರದಲ್ಲಿರಬೇಕು, ಬಿಟ್ಟ ಹೊಗೆಯನ್ನು ಪಕ್ಕದ ಬಾಯಿ ಮತ್ತೆ ಹೀರದಷ್ಟು ದೂರದಲ್ಲಿರಬೇಕು. ಹೊಗೆಯ ಪೈಪು ಫರ್ನೇಸಿನ ಕಡೆಗೇ ಅಡಿಗೆ ಕಾಲು ಅಂಗುಲ ಇಳಿಜಾರಾಗಿರಬೇಕು, ಹನಿದ ನೀರು ಅಲ್ಲಿರುವ ಚರಂಡಿ ನಳಿಗೆಗೆ ಹರಿದುಹೋಗಲೆಂದು. ನಮ್ಮವನು ಎರಡರಲ್ಲಿ ಒಂದು ಪೈಪನ್ನು ಮಾತ್ರ ತಂದ, ಅದನ್ನೂ ಅಲ್ಲಿಗೆ ಸಲ್ಲುವ ಸಾಮಗ್ರಿಯಲ್ಲಿ.

ನೀರು ಎಲ್ಲಿಂದ ಬಂತು ಎಂದು ಅವನು ಮಳೆಯನ್ನು ದೂರಿದ. ಮಳೆಯದ್ದಲ್ಲ, ಗ್ಯಾಸಿನದ್ದೇ. ಒಂದು ಕಿಲೋ ಗ್ಯಾಸ್ ಉರಿದರೆ ಸುಮಾರು 1.6 ಕಿಲೋ ನೀರಾವಿ ಹುಟ್ಟುತ್ತದೆ. ಹತ್ತು ನಿಮಿಷದ ಸ್ನಾನಕ್ಕೆ ಒಂದು ದೊಡ್ಡ ಲೋಟದಷ್ಟು. ಕೊಳವೆ ನೆಟ್ಟಗಿದ್ದರೆ ಹೆಚ್ಚಿನದು ಆವಿಯಾಗಿಯೇ ಹೊರಟುಹೋಗುತ್ತದೆ, ಹೊಟ್ಟೆ ಬಿಟ್ಟರೆ ಅಲ್ಲಿ ನಿಂತು ದಾರಿ ಕಟ್ಟುತ್ತದೆ.

ಸರಿಯಾದ ಕೊಳವೆ ಲೋಹದ್ದು. ಸ್ಟೇನ್‌ಲೆಸ್ ಆದರೆ ಒಳ್ಳೆಯದು, ಜಿಂಕ್ ಲೇಪದ ತಗಡಾದರೂ ನಡೆಯುತ್ತದೆ, ಆದರೆ ಬೇಗ ತುಕ್ಕು ಹಿಡಿಯುತ್ತದೆ. ಅಕಾರ್ಡಿಯನ್ನಿನಂತೆ ಎಳೆಯುವ ಅಲ್ಯೂಮಿನಿಯಂ ಕೊಳವೆ ನನಗೆ ಇಷ್ಟವಿಲ್ಲ. ಅದರ ಪ್ರತಿ ಮಡಿಕೆಯೂ ಹೊಗೆಯನ್ನು ತಡೆಯುತ್ತದೆ, ಮಸಿ ಹಿಡಿಯುತ್ತದೆ. ಗೀಸರಿನ ಕಾಲರ್ ಎಷ್ಟು ಅಗಲವಿದೆಯೋ ಕೊನೆಯವರೆಗೂ ಕೊಳವೆ ಅಷ್ಟೇ ಅಗಲವಿರಬೇಕು. ಮೊದಲು ಒಂದೆರಡು ಅಡಿ ನೆಟ್ಟಗೆ ಮೇಲೇರಲಿ, ಆಮೇಲೆ ಬೇಕಾದರೆ ತಿರುಗಲಿ. ಒಂದು ತಿರುವಿನಲ್ಲಿ ಮುಗಿಯುವುದನ್ನು ಮೂರು ಮಾಡಬೇಡಿ. ಫ್ಯಾನಿಲ್ಲದ, ಬಿಸಿ ಹೊಗೆ ತಾನಾಗಿ ಏರುವ ಗೀಸರಿನಲ್ಲಿ ಅಡ್ಡ ಓಟ ಹೊರಗೆ ಹೋಗುತ್ತಾ ಅಡಿಗೆ ಕಾಲು ಅಂಗುಲ ಏರಬೇಕು. ಒಳಗೇ ಫ್ಯಾನಿದ್ದು ಗೋಡೆಯಿಂದಾಚೆ ಹೊಗೆಯನ್ನು ಊದುವ ಬಗೆಯದ್ದಾದರೆ ಹೊರಗಿನ ಕಡೆ ತುಸು ಇಳಿಯಬೇಕು. ಎರಡನ್ನೂ ಅದಲುಬದಲು ಮಾಡಿರುವುದನ್ನು ಬೇಕಾದಷ್ಟು ಮನೆಗಳಲ್ಲಿ ಕಂಡಿದ್ದೇನೆ.

ತಾರಸಿಯ ಮೇಲೆ

ಕೊಳವೆ ಮುಗಿದಿದ್ದದ್ದು ತಾರಸಿಯ ಪ್ಯಾರಾಪೆಟ್ ಗೋಡೆಗಿಂತ ಒಂದು ಅಡಿ ಕೆಳಗೆ, ಅದೂ ಪಶ್ಚಿಮಕ್ಕೆ ಬಾಯಿ ಮಾಡಿಕೊಂಡು. ಆಷಾಢದಲ್ಲಿ ಗಾಳಿ ಬೀಸುವುದೇ ಆ ದಿಕ್ಕಿನಿಂದ. ಗೋಡೆಗೆ ಬಡಿದ ಗಾಳಿ ಸುಳಿಯಾಗಿ ಕೆಳಗೆ ಬೀಳುತ್ತದೆ. ನಮ್ಮ ಮನೆಗೆ ಗುಡ್ಡದ ಕಡೆಯಿಂದ ತಿರುಗಿ ಬರುವ ಸುಳಿ ಬೇರೆ. ಅಮೆರಿಕನ್ನರ ಚಿಮಣಿ ಸೂತ್ರ ಇಲ್ಲಿಗೂ ಸಲ್ಲುತ್ತದೆ: ಚಾವಣಿಗಿಂತ ಮೂರು ಅಡಿ, ಸುತ್ತ ಹತ್ತು ಅಡಿಯೊಳಗಿನ ಏನೇ ಇದ್ದರೂ ಅದಕ್ಕಿಂತ ಎರಡು ಅಡಿ ಮೇಲೆ. ನೀರಿನ ತೊಟ್ಟಿಯೂ ಆ ‘ಏನೇ’ಯಲ್ಲಿ ಸೇರುತ್ತದೆ. ತುದಿಗೆ ಟೊಪ್ಪಿ ಇರಲಿ, ಅದಕ್ಕೆ ಸೊಳ್ಳೆ ಪರದೆ ಬೇಡ, ಹಕ್ಕಿ ತಡೆಯುವಷ್ಟು ದೊಡ್ಡ ಕಣ್ಣಿನ ಜಾಲರಿ ಸಾಕು. ಸ್ವಲ್ಪ ದಿನ ಬಳಸದೆ ಬಿಟ್ಟರೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟುತ್ತದೆ. ನಮ್ಮದರಲ್ಲಿ ಇರಲಿಲ್ಲ, ಪಕ್ಕದ ಮನೆಯದರಲ್ಲಿ ಅರ್ಧ ಬಾಯಿ ಮುಚ್ಚಿತ್ತು.

ಇನ್ನೊಂದು ಸಂಗತಿ ನಮ್ಮ ಊರಿಗೆ ವಿಶೇಷ. ಹೊಗೆ ಏರುವುದು ಹೊರಗಿನ ಗಾಳಿಗಿಂತ ಅದು ಹಗುರವಾಗಿದೆ ಎಂಬ ಒಂದೇ ಕಾರಣಕ್ಕೆ. ಹೊಗೆ 150 ಡಿಗ್ರಿ ಇದೆ ಎಂದುಕೊಂಡರೆ, ಹೊರಗೆ 15 ಡಿಗ್ರಿ ಇರುವ ಮಾಗಿಯ ಬೆಳಗಿನಲ್ಲಿ ಇರುವ ಎಳೆತ 40 ಡಿಗ್ರಿಯ ಏಪ್ರಿಲ್ ಮಧ್ಯಾಹ್ನಕ್ಕೆ ಕಾಲು ಭಾಗ ಕುಗ್ಗಿ ಮುಕ್ಕಾಲು ಭಾಗವಷ್ಟೇ ಉಳಿಯುತ್ತದೆ. ಮಾಗಿಯಲ್ಲಿ ಪಾಸಾದ ಕೊಳವೆ ಬೇಸಿಗೆಯಲ್ಲಿ ಫೇಲಾಗಬಹುದು.

ಗಾಳಿ ಬರುವ ದಾರಿ

ಲೋಹದ ಕೊಳವೆ ಹಾಕಿಸಿ ತುದಿಯನ್ನು ಎತ್ತರಿಸಿ ಮತ್ತೆ ಬಾಗಿಲು ಮುಚ್ಚಿ ಪರೀಕ್ಷಿಸಿದೆ. ಆರು ನಿಮಿಷ ಒಂಬತ್ತಾಯಿತು, ಅಷ್ಟೆ. (ಒಂದು ಸಲಕ್ಕೆ ಒಂದನ್ನೇ ಬದಲಿಸಿ ಪರೀಕ್ಷಿಸಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತು ಎಂದು ತಿಳಿಯುವುದೇ ಇಲ್ಲ.) ಹೊಗೆ ಹೋಗುವ ದಾರಿ ಸರಿಯಾಗಿತ್ತು, ಗಾಳಿ ಬರುವ ದಾರಿಯನ್ನು ನಾನು ಇನ್ನೂ ನೋಡಿರಲೇ ಇಲ್ಲ.

ಬಚ್ಚಲಿಗೆ ಕಿಟಕಿ ಇತ್ತು. ಆದರೆ ಅದರ ಗಾಜಿನ ಪಟ್ಟಿಗಳ ನಡುವೆ ನನ್ನ ಅತ್ತೆ ಹಳೆಯ ಸೀರೆ ತುರುಕಿದ್ದರು, ಬಾಣಂತಿಗೆ ಗಾಳಿ ತಾಗಬಾರದೆಂದು. ಅದರ ಹಿಂದಿನ ಸೊಳ್ಳೆ ಜಾಲರಿಯಲ್ಲಿ ಕೆಂಪು ಧೂಳು, ಎಳೆ ಎಳೆ ಹತ್ತಿ ಸೇರಿ ಕಂಬಳಿಯಂತಾಗಿತ್ತು. ಬಾಗಿಲಿನ ಅಡಿ ಚೇಳು, ಜಿರಲೆ ಬರಬಾರದೆಂದು ನಾನೇ ರಬ್ಬರ್ ಪಟ್ಟಿ ಹೊಡೆದಿದ್ದೆ. ಒಬ್ಬೊಬ್ಬರೂ ಒಂದೊಂದು ಒಳ್ಳೆಯ ಉದ್ದೇಶದಿಂದ ಒಂದೊಂದು ಬಿರುಕು ಮುಚ್ಚಿದ್ದೆವು. ಬೇರೆ ಯಾರ ಸ್ನಾನವೂ ಹತ್ತು ನಿಮಿಷ ದಾಟುವುದಿಲ್ಲ. ಬಾಣಂತಿಗೆ ನೀರು ಹಾಕುವುದೆಂದರೆ ಎಣ್ಣೆ ತಿಕ್ಕಿ, ಹಬೆ ಆಡುವಂತೆ, ಕೂಸಿನದ್ದೂ ಸೇರಿ ಮುಕ್ಕಾಲು ಗಂಟೆ. ಹಂಡೆಯ ಕಾಲದಲ್ಲಿ ನೀರು ಮೊದಲೇ ಕಾದಿರುತ್ತಿತ್ತು, ಒಲೆಯ ಬಾಯಿ ಎಷ್ಟೋ ಮನೆಗಳಲ್ಲಿ ಗೋಡೆಯ ಆಚೆಗೆ ಇರುತ್ತಿತ್ತು. ಈಗ ಉರಿಯೂ ಬಾಣಂತಿಯೂ ಒಂದೇ ಗೂಡಿನಲ್ಲಿ. ಹಳೆಯ ಪದ್ಧತಿಯೂ ಹೊಸ ಯಂತ್ರವೂ ತಮ್ಮಷ್ಟಕ್ಕೆ ತಪ್ಪಲ್ಲ, ಆದರೆ ಆ ಎರಡನ್ನೂ ಬಾಗಿಲು ಹಾಕಿ ಒಟ್ಟಿಗೆ ಕೂಡಿಸಬಾರದು.

ಕಿಂಡಿ ಎಷ್ಟು ದೊಡ್ಡದಿರಬೇಕು? ಅಮೆರಿಕದ ಗ್ಯಾಸ್ ನಿಯಮದಲ್ಲಿ ಹೊರಗಾಳಿಗೆ ನೇರವಾಗಿ ತೆರೆಯುವ ಒಂದೇ ಕಿಂಡಿಯಾದರೆ ಗಂಟೆಗೆ ಉರಿಯುವ ಪ್ರತಿ 3,000 ಬಿಟಿಯುಗೆ (ಅದು ಅವರ ಶಾಖದ ಅಳತೆ) ಒಂದು ಚದರ ಅಂಗುಲ. ನಮ್ಮ ಗೀಸರಿನದು ಸುಮಾರು 42,000, ಅಂದರೆ ಹದಿನಾಲ್ಕು ಚದರ ಅಂಗುಲ. ಅದು ಬರಿಯ ತೂತಿನ ಲೆಕ್ಕ. ಪಟ್ಟಿ, ಜಾಲರಿ ಸೇರಿದರೆ ಅರ್ಧ ಕಳೆದುಹೋಗುತ್ತದೆ. ಆದ್ದರಿಂದ ಆರು ಅಂಗುಲ ಚೌಕದ ಕಿಂಡಿಯನ್ನು ಗೋಡೆಯ ಕೆಳಗೆ ಕೊರೆಸಿ, ದೊಡ್ಡ ಕಣ್ಣಿನ ಜಾಲರಿ ಹಾಕಿಸಿದೆ. ಮೇಲೆ ಕಿಟಕಿಯ ಎರಡು ಪಟ್ಟಿ ಗಾಜನ್ನು ತೆಗೆಸಿಯೇಬಿಟ್ಟೆ, ತೆಗೆದ ಗಾಜನ್ನು ಯಾರೂ ಮುಚ್ಚಲಾರರು. ಬಾಗಿಲು ಮುಚ್ಚಿ ಓಡಿಸಿದೆ. ಹದಿನೈದು ನಿಮಿಷವೂ ನೀಲಿ ಉರಿ. ಫ್ಯಾನ್ ಹಾಕಿದರೆ ಮಾತ್ರ ಊದುಬತ್ತಿಯ ಎಳೆ ಇನ್ನೂ ಅನುಮಾನಿಸುತ್ತಿತ್ತು. ಫ್ಯಾನಿನ ತಂತಿಯನ್ನೇ ಕಿತ್ತೆ.

ಇಷ್ಟಾದ ಮೇಲೆ ಹೆಂಡತಿ ಕೇಳಿದಳು: ‘ಮುಂದಿನ ಚಳಿಗಾಲದಲ್ಲಿ ಆ ಕಿಂಡಿಗೂ ಯಾರಾದರೂ ಗೋಣಿಚೀಲ ತುರುಕಿದರೆ?’ ನನ್ನ ಬಳಿ ಉತ್ತರವಿರಲಿಲ್ಲ. ಕೊರೆಸಿದ ವಾರದೊಳಗೇ ಅತ್ತೆ ಆ ಕಿಂಡಿಯ ಮುಂದೆ ಒಂದು ಬಕೆಟ್ ಅಡ್ಡ ಇಟ್ಟಿದ್ದನ್ನು ಕಂಡಿದ್ದೆ.

ಗೀಸರನ್ನು ಬಚ್ಚಲಿನಿಂದಲೇ ತೆಗೆಸಿ ಹಿತ್ತಲಿನ ಪೂರ್ವದ ಗೋಡೆಗೆ, ಸಜ್ಜದ ಅಡಿ ಹಾಕಿಸಿದೆ. ಪೂರ್ವ ಏಕೆಂದರೆ ಪಶ್ಚಿಮದ ಗಾಳಿ ಉರಿಯನ್ನು ಆರಿಸದಿರಲಿ ಎಂದು. ಮಲಗುವ ಕೋಣೆಯ ಕಿಟಕಿಯಿಂದ ದೂರ, ಸಿಲಿಂಡರ್ ನೆಲಮಟ್ಟದಲ್ಲೇ. ಗ್ಯಾಸ್ ಗಾಳಿಗಿಂತ ಭಾರವಾದ್ದರಿಂದ ತಗ್ಗಿನಲ್ಲಿ ಇಟ್ಟರೆ ಸೋರಿದ್ದು ಅಲ್ಲೇ ಮಡುಗಟ್ಟುತ್ತದೆ. ಬಿಸಿನೀರು ಮಾತ್ರ ಎಂಟು ಅಡಿ ಪೈಪಿನಲ್ಲಿ ಒಳಗೆ ಬರುತ್ತದೆ. ನಲ್ಲಿ ತಿರುಗಿಸಿದಾಗ ಮೊದಲ ಅರ್ಧ ತಂಬಿಗೆ ತಣ್ಣಗಿರುತ್ತದೆ, ಅದನ್ನು ಕಾಲಿಗೆ ಹೊಯ್ದುಕೊಳ್ಳುತ್ತೇವೆ. ಅತ್ತೆ ಕಿಟಕಿಗೆ ಮತ್ತೆ ಸೀರೆ ತುರುಕಿದ್ದಾರೆ, ನಾನು ಈಗ ಏನೂ ಅನ್ನುವುದಿಲ್ಲ.